ಗೋಕರ್ಣದ ಹತ್ತಿರ ಹಳೇ ಹಂಚಿನ ಮನೆಗೆ ಹೋಂಸ್ಟೇ: ಬಾತ್‌ರೂಮ್ ಎಲ್ಲಿ ಕೂರಿಸೋದು?

ಹಿತ್ತಲಬಾಗಿಲು:
ಚಿರೆಕಲ್ಲಿನ ಗೋಡೆ, ಮಣ್ಣಿನ ಗಾರೆ, ಮಂಗಳೂರು ಹಂಚು. ಸಮುದ್ರದ ಭರತದ ಗೆರೆಯಿಂದ (ಉಬ್ಬರದ ನೀರು ಏರುವ ಮಿತಿ) ಅಂದಾಜು 150 ಮೀಟರ್. ಅಪ್ಪ, ಆಯಿ ಅಲ್ಲೇ ಇದ್ದಾರೆ. ಖಾಲಿ ಇರುವ ಮೂರು ಕೋಣೆ ಪ್ರವಾಸಿಗರಿಗೆ ಕೊಡುವ ಯೋಚನೆ. ಈಗ ಬಚ್ಚಲು, ಪಾಯಖಾನೆ ಎರಡೂ ಹೊರಗೆ. ಹಿಂದಿನ ಗೋಡೆಗೆ ತಾಗಿಸಿ ಹೊಸದಾಗಿ ಮೂರು ಬಾತ್‌ರೂಮ್ ಕಟ್ಟಿಸಬೇಕೆಂದಿದ್ದೇನೆ. ಬಾವಿಯೂ ಹಿಂದೆಯೇ, ಮನೆಯಿಂದ 9 ಮೀಟರ್. ಪಹಣಿಯಲ್ಲಿ ಅಪ್ಪನ ಜೊತೆ ಇಬ್ಬರು ಚಿಕ್ಕಪ್ಪಂದಿರ ಹೆಸರಿದೆ. ಗೌಂಡಿಗೆ ಮುಂಗಡ ಕೊಡುವ ಮೊದಲು ಏನೇನು ನೋಡಿಕೊಳ್ಳಬೇಕು?

ಸರ್ವೆಕಲ್ಲು:
ಮುಂಗಡ ಈಗಲೇ ಕೊಡಬೇಡಿ. ಹಿಂದಿನ ಗೋಡೆಗೆ ತಾಗಿಸಿ ಕಟ್ಟುವುದೇ ನಿಮ್ಮ ಯೋಜನೆಯ ದೊಡ್ಡ ಅಪಾಯ.

2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಹಳ್ಳಿಯ ಕರಾವಳಿ ಮೂರನೇ ವರ್ಗಕ್ಕೆ ಬರುತ್ತದೆ. ಅದರಲ್ಲಿ ‘ಎ’ (ಜನದಟ್ಟಣೆ ಹೆಚ್ಚಿರುವ ಕಡೆ) ಆದರೆ ಭರತದ ಗೆರೆಯಿಂದ 50 ಮೀಟರ್, ‘ಬಿ’ (ಉಳಿದ ಕಡೆ) ಆದರೆ 200 ಮೀಟರ್ ಅಭಿವೃದ್ಧಿ ನಿಷೇಧ. ನಿಮ್ಮ ಸರ್ವೆ ನಂಬರ್ ‘ಬಿ’ಯಲ್ಲಿದ್ದರೆ 150 ಮೀಟರ್ ಅಂದರೆ ನಿಷೇಧ ವಲಯದ ಒಳಗೇ ಆಯಿತು. ಹಾಗಂತ ಹೋಂಸ್ಟೇ ಆಗುವುದೇ ಇಲ್ಲ ಎಂದಲ್ಲ. ಸ್ಥಳೀಯರು ಇರುವ ಮನೆಯಲ್ಲೇ ಹೋಂಸ್ಟೇ ನಡೆಸಬಹುದು ಎಂದು ಅಧಿಸೂಚನೆಯೇ ಹೇಳುತ್ತದೆ. ಆದರೆ ಪ್ಲಿಂತ್ ವಿಸ್ತೀರ್ಣ (ಕಟ್ಟಡ ನಿಂತ ನೆಲದ ಅಳತೆ), ವಿನ್ಯಾಸ, ಮುಖಭಾಗ ಬದಲಾಗಬಾರದು. ಹೊರಗೆ ಚಾಚಿದ ಬಾತ್‌ರೂಮ್ ಅಂದರೆ ಪ್ಲಿಂತ್ ಹೆಚ್ಚಿದಂತೆ. ಸೆಪ್ಟಿಕ್ ಟ್ಯಾಂಕನ್ನೂ ಸಿಆರ್‌ಝಡ್ ಒಪ್ಪಿಗೆಯ ಅರ್ಜಿಯ ನಕ್ಷೆಯಲ್ಲಿ ತೋರಿಸಿ, ಒಪ್ಪಿಗೆ ಸಿಕ್ಕಮೇಲೆ ಅಗೆಯಿರಿ.

‘ಪಹಣಿ’ ಅಂದಿರಿ, ಅದು ಕೃಷಿ ಜಮೀನಿನ ದಾಖಲೆ. ಹಾಗಾಗಿ ಮನೆ ನಿಂತ ಜಾಗ ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆಯೇ, ಗಾಂವಠಾಣದಲ್ಲಿದೆಯೇ (ಊರಿನ ವಸತಿ ಜಾಗ) ನೋಡಿ. ಇ-ಸ್ವತ್ತಿನಲ್ಲಿ (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಇದ್ದರೆ ದಾರಿ ಸಲೀಸು. 11ಬಿ (ಪೂರ್ತಿ ಕ್ರಮಬದ್ಧವಲ್ಲದ ಆಸ್ತಿಯದು) ಇದ್ದರೆ ಪಂಚಾಯ್ತಿಯಲ್ಲಿ ಮೊದಲೇ ವಿಚಾರಿಸಿ. ಚಿಕ್ಕಪ್ಪಂದಿರಿಂದ ಸ್ಟಾಂಪ್ ಪೇಪರಿನ ಮೇಲೆ ಒಪ್ಪಿಗೆ ಬರೆಸಿಕೊಳ್ಳಿ. ಬಾಯಿಮಾತು ವ್ಯವಹಾರ ಶುರುವಾಗುವವರೆಗೆ ಮಾತ್ರ ನಿಲ್ಲುತ್ತದೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿಗೆ ಮಾಲೀಕರು ಅದೇ ಮನೆಯಲ್ಲಿ ವಾಸವಿರಬೇಕು. ಅಪ್ಪ, ಆಯಿ ಇರುವುದರಿಂದ ಅಡ್ಡಿಯಿಲ್ಲ, ಅರ್ಜಿ ಅಪ್ಪನ ಹೆಸರಲ್ಲೇ ಹಾಕಿ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ಜಾಲತಾಣದಲ್ಲಿ ಅವರ ವಿವರ ತುಂಬಬೇಕು. ಗೋಕರ್ಣದ ಸುತ್ತ ಇದು ದಿನನಿತ್ಯದ ಕೆಲಸ.

ಚಿರೆಕಲ್ಲು:
ಹಾಗಾದರೆ ಬಾತ್‌ರೂಮ್ ಕೋಣೆಯ ಒಳಗೇ ಬರಬೇಕು. 1.5 ಮೀಟರ್ ಅಗಲ, 2 ಮೀಟರ್ ಉದ್ದ ಸಿಕ್ಕರೆ ಸಾಕು.

ಮಣ್ಣಿನ ಗಾರೆಯ ಚಿರೆಕಲ್ಲು ಗೋಡೆಯನ್ನು ಪೈಪಿಗಾಗಿ ಕೊರೆಯಬೇಡಿ. ಕಲ್ಲು ಸಡಿಲವಾಗುತ್ತದೆ, ಸಣ್ಣ ಸೋರಿಕೆ ಇದ್ದರೂ ಚಿರೆಕಲ್ಲು ಹೀರಿ ಆಚೆ ಕೋಣೆಯ ಸುಣ್ಣ ಉದುರಿಸುತ್ತದೆ. ಹಳೇ ಗೋಡೆಯಿಂದ ಎರಡು ಬೆರಳು ಬಿಟ್ಟು ಒಳಗೆ 10 ಸೆಂ.ಮೀ. ದಪ್ಪದ ಹೊಸ ಗೋಡೆ ಎಬ್ಬಿಸಿ, ನೀರಿನ ಪೈಪೆಲ್ಲ ಅದರಲ್ಲೇ ಓಡಲಿ. ನೆಲ ಅಗೆಯುವಾಗ ಪಾಯದ ಕಲ್ಲಿನ ತಳಕ್ಕಿಂತ ಕೆಳಗೆ ಇಳಿಯಕೂಡದು.

ಪಾಯಖಾನೆಯ ಪೈಪು 110 ಮಿ.ಮೀ., ಇಳಿಜಾರು 40ಕ್ಕೆ 1. ಅಂದರೆ 10 ಮೀಟರಿಗೆ 25 ಸೆಂ.ಮೀ. ಇಳಿಯಬೇಕು. ಟ್ಯಾಂಕಿನ ಬಾಯಿಯ ಮಟ್ಟ ಇದರಿಂದಲೇ ತೀರ್ಮಾನವಾಗುತ್ತದೆ, ಹಾಗಾಗಿ ಲೆವೆಲ್ ಪೈಪು ಹಿಡಿದು ಅಳೆದ ಮೇಲೆಯೇ ಟ್ಯಾಂಕಿನ ಜಾಗ ಗುರುತಿಸಿ. ವಾಟರ್‌ಪ್ರೂಫಿಂಗ್ ಗೋಡೆಗೆ 30 ಸೆಂ.ಮೀ. ಎತ್ತರದವರೆಗೆ, ಶವರ್ ಕಡೆ 180ರವರೆಗೆ. ಟೈಲ್ಸ್ ಹಾಕುವ ಮೊದಲು 5 ಸೆಂ.ಮೀ. ನೀರು ಕಟ್ಟಿ 48 ಗಂಟೆ ಬಿಡಿ. ಇದನ್ನು ಗೌಂಡಿಗಳು ತಪ್ಪಿಸಲು ನೋಡುತ್ತಾರೆ, ನೀವು ಎದುರು ನಿಂತೇ ಮಾಡಿಸಿ.

ಬಹಳ ಜನ ಮರೆಯುವುದು ಹಬೆಯನ್ನು. ಬಿಸಿನೀರಿನ ಹಬೆ ನೇರ ಹಂಚಿನ ಮಾಡಿಗೆ ಏರಿದರೆ ಅದನ್ನು ಹೊತ್ತ ಮರದ ಪಕಾಸು, ರೀಪು ಎರಡಕ್ಕೂ ಬೂಸ್ಟು ಹಿಡಿದು ಮರ ಮೆತ್ತಗಾಗುತ್ತದೆ. ಬಾತ್‌ರೂಮಿಗೆ ಏಳೂವರೆ ಅಡಿಯಲ್ಲಿ ಸಿಮೆಂಟ್ ಬೋರ್ಡಿನ ಬೇರೆ ಮುಚ್ಚಿಗೆ ಕೊಟ್ಟು, ಎಕ್ಸಾಸ್ಟ್ ಫ್ಯಾನಿನ ಕೊಳವೆಯನ್ನು ಗೋಡೆಯಿಂದ ಹೊರಗೆ ಬಿಡಿ, ಅಟ್ಟಕ್ಕೆ ಬಿಡಬೇಡಿ. ಅತಿಥಿಗಳಿಲ್ಲದ ವಾರ ನೆಲದ ಟ್ರ್ಯಾಪಿಗೆ ಒಂದು ತಂಬಿಗೆ ನೀರು ಹಾಕುತ್ತಿರಿ. ಅದರಲ್ಲಿ ನಿಂತ ನೀರು ಆರಿದರೆ ವಾಸನೆ, ಜಿರಳೆ ಎರಡೂ ಒಳಗೆ ಬರುತ್ತವೆ.

ಬಾವಿಕಟ್ಟೆ:
ಮಲಿನ ನೀರು ಇಂಗುವ ಜಾಗ ಕುಡಿಯುವ ಬಾವಿಯಿಂದ ಕಡಿಮೆಯೆಂದರೆ 18 ಮೀಟರ್, ಮನೆಯಿಂದ 6 ಮೀಟರ್ ದೂರ ಇರಬೇಕು. ಬಾವಿ ಹಿಂದೆ ಇರುವುದರಿಂದ ಟ್ಯಾಂಕು ಮುಂದೆ ಅಥವಾ ಪಕ್ಕಕ್ಕೆ ಹೋಗಬೇಕು. ಪಕ್ಕದ ಮನೆಯವರ ಬಾವಿಗೂ ಟೇಪು ಹಿಡಿಯಿರಿ, ಜಗಳ ಹುಟ್ಟುವುದೇ ಅಲ್ಲಿ.

ಮನೆಯವರು 2, ಅತಿಥಿಗಳು 6. ಟ್ಯಾಂಕಿಗೆ ಹತ್ತು ಜನರ ಅಳತೆ ಹಿಡಿಯಿರಿ: ಉದ್ದ 2 ಮೀಟರ್, ಅಗಲ 0.9, ನೀರಿನ ಆಳ 1.4, ಮೇಲೆ 30 ಸೆಂ.ಮೀ. ಖಾಲಿ ಜಾಗ. ಎರಡು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕು. ಮಳೆಗಾಲದಲ್ಲಿ ಮಾತ್ರ ಖಾಲಿ ಮಾಡಿಸಬೇಡಿ; ಅಂತರ್ಜಲ ಮೇಲೆ ಬಂದಾಗ ಖಾಲಿ ಟ್ಯಾಂಕು, ಅದರಲ್ಲೂ ಪ್ಲಾಸ್ಟಿಕ್ಕಿನದು, ತೇಲಿ ಪೈಪು ಕಿತ್ತುಹೋಗುತ್ತದೆ.

ಇಂಗುಗುಂಡಿ ತೋಡುವ ಮೊದಲು ಆಷಾಢ, ಶ್ರಾವಣದಲ್ಲಿ ಬಾವಿಯ ನೀರು ನೆಲದಿಂದ ಎಷ್ಟು ಕೆಳಗಿರುತ್ತದೆ ಅಳೆಯಿರಿ. 1.8 ಮೀಟರಿಗಿಂತ ಮೇಲೆ ಬರುತ್ತಿದ್ದರೆ ಗುಂಡಿ ಬೇಡ. ಗುಂಡಿಯೇ ಬಾವಿಯಂತೆ ತುಂಬಿ ಪಾಯಖಾನೆ ಹಿಂದಕ್ಕೆ ಒತ್ತುತ್ತದೆ. ಆಗ ಆಳವಿಲ್ಲದ ಜಲ್ಲಿ ಕಾಲುವೆಯೇ ಗತಿ. ಸ್ನಾನದ ನೀರನ್ನು ಬೇರೆ ಪೈಪಿನಲ್ಲಿ ಬಾಳೆ, ತೆಂಗಿನ ಬುಡಕ್ಕೆ ತಿರುಗಿಸಿದರೆ ಟ್ಯಾಂಕಿನ ಹೊರೆ ಬಹಳ ಇಳಿಯುತ್ತದೆ. ಕಮೋಡಿಗೆ ಆಸಿಡ್, ಫಿನೈಲ್ ಸುರಿದರೆ ಕೊಳೆಸುವ ಜೀವಾಣುಗಳೇ ಸಾಯುತ್ತವೆ.

ಹಿತ್ತಲಬಾಗಿಲು:
ತುಂಬಾ ಉಪಕಾರ. ಟ್ಯಾಂಕು ಮುಂದಿನ ಅಂಗಳಕ್ಕೆ ಬರುವಂತೆ ಅಳೆಯುತ್ತೇನೆ. ವೈರಿಂಗ್, ಸಿಮೆಂಟ್ ಗಿಲಾವು ಎರಡನ್ನೂ ಒಟ್ಟಿಗೇ ಮಾಡಿಸಲೇ?

ಚಿರೆಕಲ್ಲು:
ಸಿಮೆಂಟ್ ಗಿಲಾವು ಬೇಡವೇ ಬೇಡ. ಗೋಡೆ ನೆಲದಿಂದ ಎಳೆದ ತೇವ ಹೊರಬರಲಾಗದೆ ಉಪ್ಪಿನ ಸಮೇತ ಒಳಗೇ ನಿಂತು, ಒಂದೆರಡು ಮಳೆಗಾಲದಲ್ಲಿ ಗಿಲಾವು ಹಪ್ಪಳದಂತೆ ಏಳುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಳೆಮರಳು, ಮೇಲೆ ಸುಣ್ಣದ ಬಣ್ಣ. ಸಮುದ್ರದ ಮರಳು ಸೇರಿಸಲು ಬಿಡಬೇಡಿ.

ವೈರಿಂಗ್ ಗೋಡೆಯ ಮೇಲ್ಗಡೆಯೇ ಪಿವಿಸಿ ಪೈಪಿನಲ್ಲಿ ಹೋಗಲಿ. 2 ಕಿಲೋವಾಟಿನ ಮೂರು ಗೀಸರ್ ಒಟ್ಟಿಗೆ ಓಡಿದರೆ 6 ಕಿಲೋವಾಟ್. ಹೆಸ್ಕಾಂಗೆ (ವಿದ್ಯುತ್ ಕಂಪನಿ) ಲೋಡ್ ಹೆಚ್ಚಿಸಲು ಮೊದಲೇ ಅರ್ಜಿ ಕೊಡಿ. ಪ್ರತಿ ಗೀಸರಿಗೆ ಬೇರೆ ಎಂಸಿಬಿ (ಲೋಡ್ ಮಿತಿಮೀರಿದರೆ ಕರೆಂಟ್ ಕಡಿಯುವ ಸ್ವಿಚ್ಚು), ಮನೆಗೆಲ್ಲ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು). ತೇವದ ಗೋಡೆ, ಒದ್ದೆ ಕಾಲು, ಗುರುತಿಲ್ಲದ ಜನ ಇರುವ ಜಾಗದಲ್ಲಿ ಇದರಲ್ಲಿ ಉಳಿತಾಯ ಮಾಡಲೇಬಾರದು.

ಹಂಚು ಇಳಿಸುವ ಕೆಲಸ ಏಪ್ರಿಲ್ ಒಳಗೆ ಮುಗಿಯಲಿ. ಬೇರೆ ಕಾರ್ಖಾನೆಯ ಹಂಚು ಒಂದಕ್ಕೊಂದು ಕೂರುವುದಿಲ್ಲ. ಹಾಗಾಗಿ ಹಳೇದರಲ್ಲಿ ಗಟ್ಟಿ ಇದ್ದವನ್ನು ಆರಿಸಿ ಪಡುವಣದ ಮಾಡಿಗೆ ಹೊದಿಸಿ, ಹೊಸತನ್ನು ಪೂರ್ತಿ ಮೂಡಣಕ್ಕೆ ಹಾಕಿ.