ಪವರ್ ಸ್ಟೀರಿಂಗ್ ರ‍್ಯಾಕ್ ಮನೆಯಲ್ಲೇ ಬಿಚ್ಚಿ ಸೀಲ್ ಬದಲಿಸಿದವರು ಇದ್ದೀರಾ?

ಪ್ರಶ್ನೆ: ನನ್ನ ಹಳೆಯ ಕಾರಿನಲ್ಲಿ ಪವರ್ ಸ್ಟೀರಿಂಗ್ ಆಯಿಲ್ ಪದೇ ಪದೇ ಕಡಿಮೆಯಾಗುತ್ತಿದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರಗಳನ್ನು ತಳ್ಳುವ ರ‍್ಯಾಕ್‌ನಲ್ಲಿ, ಡ್ರೈವರ್ ಕಡೆಯ ರ‍್ಯಾಕ್ ಬೂಟು (ತುದಿಯ ರಬ್ಬರ್ ಕವಚ) ಆಯಿಲ್ ತುಂಬಿ ಉಬ್ಬಿದೆ. ಹೈಡ್ರಾಲಿಕ್ ರ‍್ಯಾಕ್, ಮೋಟರ್ ಇಲ್ಲ. ಈ ಮಾಡೆಲ್‌ಗೆ ಹೊಸ ರ‍್ಯಾಕ್ ಸಿಗುವುದು ಕಷ್ಟ, ಸೀಲ್ ಕಿಟ್ ಮಾತ್ರ ಸಿಗುತ್ತಿದೆ. ಬ್ರೇಕ್, ಕ್ಲಚ್, ಸಸ್ಪೆನ್ಷನ್ ಕೆಲಸ ಮಾಡಿಕೊಂಡು ಅಭ್ಯಾಸ ಇದೆ. ರ‍್ಯಾಕ್ ಒಳಗೆ ಮಾತ್ರ ಕೈ ಹಾಕಿಲ್ಲ. ಮನೆಯಲ್ಲಿ ಮಾಡಬಹುದಾ? ಮಾಡಿದವರು ಎಲ್ಲೆಲ್ಲಿ ಎಚ್ಚರ ಬೇಕು ಅಂತ ಹೇಳಿ.

ಉತ್ತರ: ಮಾಡಬಹುದು. ನಾನು ಮಾಡಿದ್ದೇನೆ, ಆ ಕಾರು ಸೋರದೆ ಓಡುತ್ತಿದೆ. ಆದರೆ ಕಿಟ್ ತರಿಸುವ ಮೊದಲು ರ‍್ಯಾಕ್ ಒಳಗೆ ಅತ್ತಿತ್ತ ಸರಿಯುವ ಉದ್ದನೆಯ ರಾಡು ಹೇಗಿದೆ ನೋಡಿಕೊಳ್ಳಿ. ಸೀಲ್ ಎಷ್ಟೇ ಒಳ್ಳೆಯದಿದ್ದರೂ ಅದು ಓಡಾಡುವುದು ಆ ರಾಡಿನ ಮೇಲೆ ತಾನೆ. ಬೂಟು ಹರಿದು ನೀರು ಹೋಗಿದ್ದರೆ ರಾಡಿಗೆ ತುಕ್ಕು ಹಿಡಿದು ಸಣ್ಣ ಸಣ್ಣ ಕುಳಿ ಬಿದ್ದಿರುತ್ತವೆ. ಹೊಸ ಸೀಲಿನ ತುಟಿಯನ್ನು ಅವು ಕೆಲವೇ ದಿನಗಳಲ್ಲಿ ತಿಂದುಹಾಕುತ್ತವೆ.

ಕಾರಿನಿಂದ ರ‍್ಯಾಕ್ ಇಳಿಸದೆಯೇ ಅರ್ಧ ಪರೀಕ್ಷೆ ಆಗುತ್ತದೆ. ಪಿನಿಯನ್ (ಸ್ಟೀರಿಂಗ್ ಶಾಫ್ಟ್ ಬಂದು ಸೇರುವ ಹಲ್ಲಿನ ಚಕ್ರ) ಇಲ್ಲದ ಕಡೆಯ ಬೂಟು ಸರಿಸಿ, ಆ ಕಡೆಯ ರಾಡು ಪೂರ್ತಿ ಹೊರಗೆ ಬರುವ ಹಾಗೆ ಸ್ಟೀರಿಂಗ್ ತಿರುಗಿಸಿ, ಟಾರ್ಚ್ ಹಿಡಿದು ನೋಡಿ. ಬರೀ ಕಲೆಯಾಗಿದ್ದರೆ 2000 ನಂಬರಿನ ಎಮೆರಿ ಪೇಪರ್‌ಗೆ ಆಯಿಲ್ ಹಚ್ಚಿ ನಯವಾಗಿ ಒರೆಸಿದರೆ ಹೋಗುತ್ತದೆ. ಉಗುರು ಎಳೆದಾಗ ತಡೆಯುತ್ತಿದ್ದರೆ ಅದು ಕುಳಿ. ಅದನ್ನು ಉಜ್ಜಿ ತೆಗೆಯಲು ಹೋಗಬೇಡಿ. ಉಜ್ಜಿದರೆ ರಾಡಿನ ಅಳತೆಯೇ ಕಡಿಮೆಯಾಗುತ್ತದೆ. ಅಂಥ ರ‍್ಯಾಕ್‌ಗೆ ಕಿಟ್ ಹಾಕುವುದು ಸುಮ್ನೆ ದುಡ್ಡು ದಂಡ. ಬೇರೆ ಹಳೆಯ ರ‍್ಯಾಕ್ ಹುಡುಕಿ ಅದರ ರಾಡು ಬಳಸಿಕೊಳ್ಳುವುದೇ ದಾರಿ.

ಇನ್ನೊಂದು ವಿಷಯ. ಒಂದು ಬೂಟಿನಲ್ಲಿ ಆಯಿಲ್ ಇದೆ ಅಂದ ಮಾತ್ರಕ್ಕೆ ಆ ಕಡೆಯ ಸೀಲೇ ಹೋಗಿದೆ ಅಂದುಕೊಳ್ಳಬೇಡಿ. ಎರಡೂ ಬೂಟುಗಳ ನಡುವೆ ಗಾಳಿ ಓಡಾಡಲು ಸಣ್ಣ ಕೊಳವೆ ಇರುತ್ತದೆ. ಆಯಿಲ್ ಅದರ ಮೂಲಕ ಆ ಕಡೆಯಿಂದ ಈ ಕಡೆಗೂ ಬರಬಹುದು. ಹೇಗೂ ಕಿಟ್‌ನಲ್ಲಿ ಎಲ್ಲಾ ಸೀಲುಗಳೂ ಇರುತ್ತವೆ, ಎಲ್ಲವನ್ನೂ ಬದಲಿಸಿ.

ಬಿಚ್ಚುವ ಮೊದಲು ಚಕ್ರ ನೇರ ಇಟ್ಟು, ಸ್ಟೀರಿಂಗ್ ವೀಲ್ ಅಲುಗಾಡದಂತೆ ಕಟ್ಟಿಹಾಕಿ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಇದನ್ನು ಮರೆಯುವಂತಿಲ್ಲ. ಶಾಫ್ಟ್ ಕಳಚಿದ ಮೇಲೆ ವೀಲ್ ಸುತ್ತಿಬಿಟ್ಟರೆ ಒಳಗೆ ಏರ್‌ಬ್ಯಾಗ್‌ಗೆ ಕರೆಂಟ್ ಒಯ್ಯುವ ಕ್ಲಾಕ್ ಸ್ಪ್ರಿಂಗ್‌ನ ಪಟ್ಟಿ ತುಂಡಾಗುತ್ತದೆ. ಶಾಫ್ಟ್ ಮತ್ತು ಪಿನಿಯನ್ ಸೇರುವ ಕಡೆ ಪೇಂಟ್‌ನಲ್ಲಿ ಗುರುತು ಹಾಕಿ. ಅಲ್ಲಿನ ಬೋಲ್ಟ್ ಬರೀ ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಅದು ಪಿನಿಯನ್ ಶಾಫ್ಟಿನ ಕಚ್ಚಿನಲ್ಲಿ ಕೂತಿರುತ್ತದೆ. ರ‍್ಯಾಕ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್‌ನ ಲಾಕ್ ನಟ್ ಎಲ್ಲಿತ್ತು ಅನ್ನುವುದಕ್ಕೂ ಗುರುತು ಬೇಕು. ಇಷ್ಟೆಲ್ಲ ಕೆಲಸ ಕಾರಿನ ಕೆಳಗೆ ಮಲಗಿ ಮಾಡುವುದು. ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಜ್ಯಾಕ್ ಒಂದನ್ನೇ ನಂಬಬೇಡಿ.

ಬೆಂಚಿನ ಮೇಲೆ ಬಂದ ಮೇಲೆ ಮೊದಲು ಹೊರಗಿನ ಮಣ್ಣು, ಗ್ರೀಸ್ ಎಲ್ಲಾ ತೊಳೆಯಿರಿ. ಪೈಪಿನ ಬಾಯಿಗಳನ್ನು ಮುಚ್ಚಿ ತೊಳೆಯಿರಿ. ಆಮೇಲೆ ಒಳಗಿನ ಟೈ ರಾಡ್. ಅದನ್ನು ಬಿಚ್ಚುವಾಗ ರ‍್ಯಾಕ್‌ನ ರಾಡನ್ನೇ ಇನ್ನೊಂದು ಪಾನಾದಲ್ಲಿ ಹಿಡಿಯಬೇಕು. ಹಿಡಿಯದೆ ಬಲ ಹಾಕಿದರೆ ಆ ತಿರುಚು ಪಿನಿಯನ್ ಹಲ್ಲಿನ ಮೇಲೆ ಬೀಳುತ್ತದೆ. ನುಣುಪಾದ ಭಾಗಕ್ಕೆ ಪಾನಾ ಬಾಯಿ ತಾಗಿಸಬೇಡಿ, ಹಲ್ಲಿರುವ ಕಡೆಯ ಚಪ್ಪಟೆ ಜಾಗ ಹಿಡಿಯಿರಿ. ರ‍್ಯಾಕ್ ಮಧ್ಯಕ್ಕೆ ತಂದು, ಪಿನಿಯನ್ ತುದಿಯ ಗುರುತು ಯಾವ ಕಡೆ ಇದೆ ಅಂತ ಫೋಟೊ ತೆಗೆಯಿರಿ. ಹಲ್ಲು ಓರೆ ಇರುವುದರಿಂದ ಪಿನಿಯನ್ ಮೇಲಕ್ಕೆ ಎಳೆದಾಗ ಸ್ವಲ್ಪ ತಿರುಗಿಕೊಂಡೇ ಬರುತ್ತದೆ. ವಾಪಸ್ ಕೂರಿಸುವಾಗ ಅಷ್ಟೇ ಓರೆಯಿಂದ ಶುರು ಮಾಡಿದರೆ ಸರಿಯಾಗಿ ಮಧ್ಯಕ್ಕೆ ಬಂದು ನಿಲ್ಲುತ್ತದೆ.

ಸಿಲಿಂಡರ್ ಕೊನೆಯ ಬುಷ್ ಕೆಲವು ರ‍್ಯಾಕ್‌ಗಳಲ್ಲಿ ಸರ್ಕ್ಲಿಪ್‌ನಿಂದ ನಿಂತಿರುತ್ತದೆ. ಇನ್ನು ಕೆಲವದರಲ್ಲಿ ಒಂದು ತಂತಿಯ ಉಂಗುರ ಇರುತ್ತದೆ. ಬುಷ್ ತಿರುಗಿಸಿದರೆ ತಂತಿಯ ತುದಿ ಪಕ್ಕದ ಸೀಳಿನಲ್ಲಿ ಕಾಣುತ್ತದೆ, ಅಲ್ಲಿಂದ ಎಳೆದು ತೆಗೆಯಬೇಕು. ಇದು ಗೊತ್ತಿಲ್ಲದೆ ಸುತ್ತಿಗೆ ಹಿಡಿದರೆ ಹೌಸಿಂಗ್ ಹಾಳು.

ಈಗ ನಿಜವಾದ ಕಷ್ಟದ ಜಾಗ. ಒಳಗಿನ ರ‍್ಯಾಕ್ ಸೀಲ್ ಸಿಲಿಂಡರಿನ ಆಳದಲ್ಲಿ, ಪಿನಿಯನ್ ಹತ್ತಿರ ಕೂತಿರುತ್ತದೆ. ಪಿನಿಯನ್ ಕಡೆಯಿಂದ ಉದ್ದನೆಯ ಸರಳು ಹಾಕಿ ಹೊಡೆದು ತೆಗೆಯುತ್ತಾರೆ. ಸರಳಿನ ಮೈಗೆ ಟೇಪ್ ಸುತ್ತಿಕೊಳ್ಳಿ, ಸಿಲಿಂಡರಿನ ಒಳಗೋಡೆಗೆ ಗೀರು ಬೀಳಬಾರದು. ಹಳೆಯ ಸೀಲ್ ತೆಗೆದ ತಕ್ಷಣ ಅದರ ತುಟಿ ಯಾವ ಕಡೆ ಇತ್ತು ಬರೆದಿಟ್ಟುಕೊಳ್ಳಿ. ಒತ್ತಡದ ಆಯಿಲ್ ಇರುವ ಕಡೆಗೆ, ಅಂದರೆ ಸಿಲಿಂಡರಿನ ಒಳಮುಖಕ್ಕೆ, ತುಟಿ ಇರಬೇಕು. ಎರಡೂ ತುದಿಯ ಸೀಲಿಗೆ ಇದೇ ಲೆಕ್ಕ. ಉಲ್ಟಾ ಹಾಕಿದರೆ ಪಂಪ್ ಶುರುವಾದ ಕೂಡಲೇ ಸೋರುತ್ತದೆ. ಆ ಪಂಪಿನ ಒತ್ತಡ 70ರಿಂದ 100 ಬಾರ್‌ವರೆಗೂ ಹೋಗುತ್ತದೆ, ಚಕ್ರದ ಗಾಳಿಯೇ ಎರಡು ಬಾರ್ ಆಸುಪಾಸು ಇರುವಾಗ ಇದು ಎಷ್ಟು ಜಾಸ್ತಿ ನೋಡಿ.

ಹೊಸ ಸೀಲ್ ಹಾಕುವಾಗ ರಾಡಿನ ಹಲ್ಲುಗಳು ಅದರ ಒಳಗಿಂದಲೇ ಹಾದುಹೋಗಬೇಕು. ಮನೆಯಲ್ಲಿ ಮಾಡಿದ ರ‍್ಯಾಕ್‌ಗಳು ಮತ್ತೆ ಸೋರುವುದಕ್ಕೆ ನಾನು ಕಂಡಂತೆ ಮುಖ್ಯ ಕಾರಣ ಇದೇ. ಹಲ್ಲಿನ ಅಂಚು ತುಟಿಯನ್ನು ಕತ್ತರಿಸುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ತೆಳುವಾದ, ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಹಲ್ಲಿನ ಭಾಗಕ್ಕೆ ಬಿಗಿಯಾಗಿ ಸುತ್ತಿ, ಅಂಚು ಒಳಗೆ ಸೇರುವಂತೆ ಟೇಪ್ ಹಾಕಿ, ಮೇಲೆ ಪವರ್ ಸ್ಟೀರಿಂಗ್ ಆಯಿಲ್ ಸವರಿ ಸೀಲ್ ಜಾರಿಸಿ. ಅವಸರ ಬೇಡ. ಎಲ್ಲಾದರೂ ತಡೆದರೆ ಹಿಂದಕ್ಕೆ ತೆಗೆದು ಮತ್ತೆ ಸುತ್ತಿ.

ರಾಡಿನ ಪಿಸ್ಟನ್ ಮೇಲಿನ ಟೆಫ್ಲಾನ್ ರಿಂಗ್ ರಬ್ಬರಿನ ಹಾಗೆ ಹಿಗ್ಗಿ ತಾನಾಗಿ ವಾಪಸ್ ಬರುವುದಿಲ್ಲ. ಬಿಸಿ ನೀರಿನಲ್ಲಿ ಇಟ್ಟು ಮೆತ್ತಗೆ ಮಾಡಿ, ಅಗತ್ಯಕ್ಕಿಂತ ಜಾಸ್ತಿ ಹಿಗ್ಗಿಸದೆ, ಕೆಳಗಿನ ಓ-ರಿಂಗ್ ಮೇಲೆ ಕೂರಿಸಿ. ಆಮೇಲೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಹೋಸ್ ಕ್ಲಿಪ್‌ನಿಂದ ಹದವಾಗಿ ಬಿಗಿದು ಸ್ವಲ್ಪ ಹೊತ್ತು ಬಿಡಿ. ಅದು ಕುಗ್ಗಿ ಪಿಸ್ಟನ್ನಿನ ಕಚ್ಚಿನಲ್ಲಿ ಕೂತ ಮೇಲೆಯೇ ಸಿಲಿಂಡರ್ ಒಳಗೆ ತಳ್ಳಬೇಕು. ಕುಗ್ಗಿಸದೆ ತಳ್ಳಿದರೆ ರಿಂಗಿನ ಅಂಚು ಮೇಲೆದ್ದು ಕಿತ್ತು ಬರುತ್ತದೆ. ಪಿನಿಯನ್ ವಾಲ್ವ್ ಮೇಲಿನ ಸಣ್ಣ ರಿಂಗುಗಳಿಗೂ ಇದೇ ಕ್ರಮ.

ಒಳಗಿನ ಭಾಗ ಒರೆಸಲು ನೂಲು ಬಿಡುವ ಬಟ್ಟೆ ಬೇಡ. ಲೋಹ ತೊಳೆಯಲು ಸೀಮೆಎಣ್ಣೆ ಆಗುತ್ತದೆ, ಪೂರ್ತಿ ಒಣಗಿದ ಮೇಲೆ ಸೀಲ್ ಹಾಕಿ. ಬ್ರೇಕ್ ಆಯಿಲ್ ಮಾತ್ರ ಹತ್ತಿರಕ್ಕೂ ತರಬೇಡಿ, ಈ ಸೀಲುಗಳ ರಬ್ಬರ್ ಅದಕ್ಕೆ ಊದಿಕೊಂಡು ಹಾಳಾಗುತ್ತದೆ.

ಇನ್ನೊಬ್ಬರು: ಮೇಲೆ ಹೇಳಿದ್ದೆಲ್ಲ ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ. ಪಿನಿಯನ್ ಎದುರಿಗೆ ರ‍್ಯಾಕ್ ಅನ್ನು ಹಿಂದಿನಿಂದ ಒತ್ತಿ ಹಿಡಿಯುವ ಒಂದು ಗೈಡ್, ಅದರ ಹಿಂದೆ ಸ್ಪ್ರಿಂಗ್, ಅದರ ಮೇಲೆ ತಿರುಗಿಸುವ ಪ್ಲಗ್ ಇರುತ್ತದೆ. ತೆಗೆಯುವ ಮೊದಲು ಪ್ಲಗ್ ಎಷ್ಟು ಒಳಗಿತ್ತು ಅಳೆದಿಟ್ಟುಕೊಳ್ಳಿ. ವಾಪಸ್ ಹಾಕುವಾಗ ಎಷ್ಟು ಬಿಗಿಯಬೇಕು, ಎಷ್ಟು ಡಿಗ್ರಿ ಹಿಂದಕ್ಕೆ ಬಿಡಬೇಕು ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ನಿಮ್ಮ ಕಾರಿನ ಮ್ಯಾನ್ಯುಯಲ್ ನೋಡದೆ ಯಾರ ಅಂದಾಜನ್ನೂ ತೆಗೆದುಕೊಳ್ಳಬೇಡಿ. ಸಡಿಲವಾದರೆ ಹಳ್ಳ ದಿಣ್ಣೆಯಲ್ಲಿ ಟಕಟಕ ಸದ್ದು. ಬಿಗಿಯಾದರೆ ತಿರುವು ಮುಗಿದ ಮೇಲೂ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಬರುವುದಿಲ್ಲ, ಇದು ಸದ್ದಿಗಿಂತ ಅಪಾಯ. ಹೊಂದಿಸಿದ ಮೇಲೆ ಪಿನಿಯನ್ ಕೈಯಲ್ಲಿ ತಿರುಗಿಸಿ, ಈ ತುದಿಯಿಂದ ಆ ತುದಿಗೆ ಎಲ್ಲೂ ಹಿಡಿದಂತಾಗಬಾರದು. ಹಳೆಯ ರಾಡಿನ ಹಲ್ಲು ಮಧ್ಯದಲ್ಲಿ ಜಾಸ್ತಿ ಸವೆದಿರುತ್ತದೆ. ಮಧ್ಯದಲ್ಲಿ ಸರಿ ಅನ್ನಿಸಿದ್ದು ಕೊನೆಯಲ್ಲಿ ಬಿಗಿಯಾಗುವುದು ಇದಕ್ಕೇ.

ಇನ್ನು ಆಯಿಲ್. ಹಳೆಯ ಆಯಿಲ್ ಕಪ್ಪಾಗಿದ್ದರೆ ಪಂಪಿನ ಲೋಹದ ಪುಡಿ, ರಬ್ಬರ್ ಚೂರು ಎಲ್ಲಾ ಅದರಲ್ಲಿರುತ್ತವೆ. ಪೈಪ್, ಆಯಿಲ್ ತುಂಬುವ ಡಬ್ಬಿ ತೊಳೆಯದೆ ರ‍್ಯಾಕ್ ಮಾತ್ರ ಹೊಸದು ಮಾಡಿದರೆ ಏನು ಬಂತು? ಡಬ್ಬಿಯ ತಳದಲ್ಲಿ ಜಾಲರಿ ಇದ್ದರೆ ನೋಡಿ. ಅದು ಕಟ್ಟಿಕೊಂಡಿದ್ದು ತೊಳೆಯಲಾಗದಿದ್ದರೆ ಡಬ್ಬಿಯನ್ನೇ ಬದಲಿಸಿ. ಕೆಲವು ಕಾರಿಗೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್), ಕೆಲವಕ್ಕೆ ಬೇರೆ ಜಾತಿಯ ಆಯಿಲ್. ಮುಚ್ಚಳದ ಮೇಲೆ ಏನು ಬರೆದಿದೆಯೋ ಅದೇ ಹಾಕಿ, ಬೆರೆಸಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ರಾಡು ನೋಡಿದೆ, ನುಣುಪಾಗಿಯೇ ಇದೆ. ಹೇಳಲು ಬಿಟ್ಟಿದ್ದೆ, ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಎಡಕ್ಕೆ ತಿರುಗಿಸುವುದು ಭಾರ. ಸ್ವಲ್ಪ ದೂರ ಓಡಿದ ಮೇಲೆ ಹಗುರವಾಗುತ್ತದೆ. ಇದೂ ಕಿಟ್‌ನಲ್ಲಿ ಸರಿಹೋಗುತ್ತದೆ ಅಲ್ವಾ?

ಮೊದಲು ಉತ್ತರಿಸಿದವರು: ಹೋಗಬಹುದು, ಹೋಗದೆಯೂ ಇರಬಹುದು. ಹೌಸಿಂಗ್ ಬಿಚ್ಚಿ ನೋಡುವವರೆಗೆ ಹೇಳಲಾಗದು. ಪಿನಿಯನ್ ವಾಲ್ವ್ ಮೇಲಿನ ಟೆಫ್ಲಾನ್ ರಿಂಗುಗಳು ಆಯಿಲ್ ಅನ್ನು ಎಡಕ್ಕೆ ಬೇರೆ, ಬಲಕ್ಕೆ ಬೇರೆ ಎಂದು ಪ್ರತ್ಯೇಕವಾಗಿ ಇಡುತ್ತವೆ. ಗಾಡಿ ಓಡಿದಷ್ಟೂ ಅವು ಹೌಸಿಂಗ್ ಒಳಗೋಡೆಯನ್ನು ಸವೆಸಿ ಉಂಗುರದಂಥ ಗೀರು ಮಾಡುತ್ತವೆ. ತಣ್ಣಗಿದ್ದಾಗ ರಿಂಗ್ ಗಟ್ಟಿಯಾಗಿ ಆ ಗೀರಿಗೆ ಅಂಟಿ ಕೂರುವುದಿಲ್ಲ, ಒತ್ತಡ ಪಕ್ಕಕ್ಕೆ ನುಸುಳುತ್ತದೆ. ಬಿಸಿಯಾದಾಗ ರಿಂಗ್ ಹಿಗ್ಗಿ ಮುಚ್ಚಿಕೊಳ್ಳುತ್ತದೆ. 1980ರ ದಶಕದ ಎಷ್ಟೋ ಅಮೆರಿಕನ್ ಕಾರುಗಳಲ್ಲಿ ಇದೇ ತೊಂದರೆ ಹೆಸರಾಗಿತ್ತು.

ಪಿನಿಯನ್ ತೆಗೆದ ಮೇಲೆ ಬೆರಳು ಒಳಗೆ ಹಾಕಿ ಸವರಿ. ಏಣು ಏಣಾಗಿ ತಾಗಿದರೆ ಹೊಸ ರಿಂಗ್ ಹಾಕಿದರೂ ಆ ಭಾರ ಹೋಗುವುದಿಲ್ಲ. ಆ ಹೌಸಿಂಗ್‌ಗೆ ಒಳಗೆ ಸ್ಲೀವ್ (ಲೋಹದ ತೆಳು ಕೊಳವೆ) ಹಾಕಿಸಬೇಕು ಅಥವಾ ಹೌಸಿಂಗನ್ನೇ ಬದಲಿಸಬೇಕು, ಇದು ಮನೆಯ ಕೆಲಸ ಅಲ್ಲ. ಗೋಡೆ ನುಣುಪಾಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ರಿಂಗ್ ಸವೆದಿರುವುದು, ಕಿಟ್ ಸಾಕು. ಸೋರುವುದು ನಿಲ್ಲುತ್ತದೆ, ಭಾರ ಉಳಿಯುತ್ತದೆ ಅನ್ನುವ ಸ್ಥಿತಿ ಬಂದರೂ ನಾನಾಗಿದ್ದರೆ ಸೀಲ್ ಬದಲಿಸಿ ಓಡಿಸುತ್ತಿದ್ದೆ, ಒಳ್ಳೆಯ ಹೌಸಿಂಗ್ ಸಿಗುವವರೆಗೆ.

ಮತ್ತೊಬ್ಬರು: ಜೋಡಿಸಿದ ಮೇಲೆ ಕಾರಿಗೆ ಏರಿಸುವ ಮೊದಲು ಒಂದು ಪರೀಕ್ಷೆ ಇದೆ. ಕೈ ವ್ಯಾಕ್ಯೂಮ್ ಪಂಪ್ ಇದ್ದರೆ ಸಿಲಿಂಡರಿಗೆ ಹೋಗುವ ಎರಡು ಪೈಪಿನ ಬಾಯಿಗೆ ಜೋಡಿಸಿ, 400 ಮಿಲಿಮೀಟರ್ ಪಾದರಸದಷ್ಟು ಎಳೆದು ಅರ್ಧ ನಿಮಿಷ ಬಿಡಿ. ಟೊಯೊಟಾ ಮ್ಯಾನ್ಯುಯಲ್‌ಗಳಲ್ಲಿ ಇದೇ ಕ್ರಮ ಕೊಟ್ಟಿದ್ದಾರೆ. ಪಂಪಿನ ಮೀಟರಿನ ಮುಳ್ಳು ಇಳಿದರೆ ಸೀಲ್ ಎಲ್ಲೋ ಕತ್ತರಿಸಿದೆ. ಕಾರಿಗೆ ಹಾಕಿ ಮತ್ತೆ ಇಳಿಸುವ ಕಷ್ಟ ತಪ್ಪುತ್ತದೆ.

ಗಾಳಿ ತೆಗೆಯಲು ಮುಂದಿನ ಚಕ್ರ ನೆಲ ಬಿಟ್ಟಿರಲಿ, ಎಂಜಿನ್ ಆಫ್ ಇರಲಿ. ಡಬ್ಬಿ ತುಂಬಿಸುತ್ತಾ ಈ ಕೊನೆಯಿಂದ ಆ ಕೊನೆಗೆ 15–20 ಸಲ ನಿಧಾನವಾಗಿ ತಿರುಗಿಸಿ. ಗುಳ್ಳೆ ನಿಂತ ಮೇಲೆ ಎಂಜಿನ್ ಶುರು ಮಾಡಿ. ಮೊದಲೇ ಶುರು ಮಾಡಿದರೆ ಪಂಪ್ ಗಾಳಿ ಮತ್ತು ಆಯಿಲ್ ಕಡೆದು ನೊರೆ ಮಾಡುತ್ತದೆ, ಅದು ಇಳಿಯಲು ಗಂಟೆಗಟ್ಟಲೆ ಕಾಯಬೇಕು. ಕೊನೆಗೆ ಮುಟ್ಟಿಸಿದಾಗ 5 ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ಒತ್ತಡ ಮಿತಿ ಮುಟ್ಟಿ ಆಯಿಲ್ ಕಾಯುತ್ತದೆ.

ಬೂಟಿನ ಕ್ಲಿಪ್ ಆಗಲೇ ಬಿಗಿಯಬೇಡಿ. ಬೂಟು ಹಿಂದಕ್ಕೆ ಸರಿಸಿಯೇ ಎಂಜಿನ್ ಓಡಿಸಿ, ಎರಡೂ ಕಡೆ ತಿರುಗಿಸಿ, ರಾಡು ಒದ್ದೆಯಾಗುತ್ತದಾ ನೋಡಿ. ಕಣ್ಣಲ್ಲಿ ನೋಡಿ ಅಥವಾ ರಟ್ಟಿನ ತುಂಡು ಹಿಡಿಯಿರಿ, ಕೈ ಇಟ್ಟು ಹುಡುಕಬೇಡಿ. ಇಷ್ಟು ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮದೊಳಗೆ ಹೋಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ಆಸ್ಪತ್ರೆಗೆ ಓಡಬೇಕಾದ ಗಾಯ ಅದು. ಒಣಗಿದ್ದರೆ ಕ್ಲಿಪ್ ಬಿಗಿದು, ಬೂಟುಗಳ ನಡುವಿನ ಗಾಳಿ ಕೊಳವೆ ಕೂರಿಸಿ, ನೇರವಾಗಿ ವೀಲ್ ಅಲೈನ್‌ಮೆಂಟ್ ಮಾಡಿಸಲು ಹೋಗಿ. ಗುರುತು ಎಷ್ಟೇ ಸರಿಯಾಗಿ ಹಾಕಿದ್ದರೂ ಟೋ (ಮುಂದಿನ ಚಕ್ರಗಳು ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಪ್ರಮಾಣ) ಸ್ವಲ್ಪ ಆಚೀಚೆ ಆಗಿರುತ್ತದೆ, ಬಿಟ್ಟರೆ ಮುಂದಿನ ಟೈರ್ ಬೇಗ ಸವೆಯುತ್ತದೆ. ಮೊದಲ ವಾರ ಡಬ್ಬಿಯ ಮಟ್ಟ ದಿನಾ ನೋಡುತ್ತಿರಿ.