ಹಳೇ ಡೀಸೆಲ್ ಗಾಡಿ: ಪಂಪ್ ಲೀಕ್ ನಿಲ್ಲುತ್ತಲೇ ಇಲ್ಲ, ಯಾರಾದರೂ ದಾರಿ ಹೇಳಿ

ಎರಡನೇ_ಗೇರು:
ಪಂಪಿನಿಂದ ಡೀಸೆಲ್ ಸೋರುತ್ತಿದೆ. ರಾತ್ರಿ ಗಾಡಿ ಕೆಳಗೆ ತಟ್ಟೆ ಇಟ್ಟರೆ ಬೆಳಿಗ್ಗೆ ತಳ ಪೂರ್ತಿ ಒದ್ದೆ. ಕೈಗೆ ಸಿಕ್ಕಿದ ನಟ್ ಎಲ್ಲಾ ಬಿಗಿ ಮಾಡಿದೆ, ಏನೂ ಪ್ರಯೋಜನ ಇಲ್ಲ. ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿದು ಹೋಗುತ್ತದೆ. ಮೆಕ್ಯಾನಿಕ್ ಬಂದು ನೋಡಿ ಪಂಪ್ ಇಳಿಸಲೇಬೇಕು ಅಂದರು. ಅದು ದೊಡ್ಡ ಖರ್ಚು, ಗಾಡಿಯೂ ಸುಮ್ನೆ ನಿಂತುಬಿಡುತ್ತದೆ. ಬೇಗ ಹೇಳಿ ಪ್ಲೀಸ್.

ಪಂಪ್_ಬೆಂಚು:
ಶಾಫ್ಟ್ ಸೀಲ್ ಹೋಗಿದೆ, ಪಂಪ್ ತಿರುಗಿಸುವ ಶಾಫ್ಟ್‌ಗೆ ಮುಂದೆ ಇರುತ್ತದಲ್ಲ, ಅದು. ಹಳೇ ಗಾಡಿಯಲ್ಲಿ ಇದೇ ಆಗುವುದು. ಪಂಪ್ ಇಳಿಸಿ, ಸೀಲ್ ಕಿಟ್ ಹಾಕಿಸಿ, ಬೆಂಚಿನ ಮೇಲೆ ಸೆಟ್ಟಿಂಗ್ ಮಾಡಿಸಿ. ಬೇರೆ ದಾರಿ ಇಲ್ಲ.

ಹದಿನಾರರ_ಸ್ಪ್ಯಾನರ್:
ಸ್ವಲ್ಪ ತಾಳಿ ಅಣ್ಣ. ಯಾವ ಪಂಪ್ ಅಂತಲೇ ಅವರು ಹೇಳಿಲ್ಲ. ರೋಟರಿಯೋ, ಇನ್‌ಲೈನೋ? ಒದ್ದೆ ಎಲ್ಲಿದೆ, ಮುಂದೋ, ಹಿಂದೋ, ಮೇಲೋ? ಇಂಜಿನ್ ಓಡುವಾಗ ಸೋರುತ್ತದೋ, ನಿಂತ ಮೇಲೋ? ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರಿದೆಯಾ?

ಎರಡನೇ_ಗೇರು:
ಪಂಪ್ ಅಂದರೆ ಪಂಪ್, ಇಂಜಿನ್ ಪಕ್ಕ ಇರುತ್ತದಲ್ಲ ಸರ್, ನಾಝಲ್‌ಗೆ ಪೈಪ್ ಹೋಗುವುದು. ಕೆಳಗೆಲ್ಲ ಒದ್ದೆ.

ಪಂಪ್_ಬೆಂಚು:
ಕೆಳಗೆ ಒದ್ದೆ ಅಂದರೆ ಶಾಫ್ಟ್ ಸೀಲೇ. ಹಿಂದೆ 500 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 500) ಗಂಧಕ ಇದ್ದ ಡೀಸೆಲ್ ಈಗ ಎಷ್ಟೋ ಕಡೆ 10-15 ಪಿಪಿಎಂಗೆ ಇಳಿದಿದೆ. ಗಂಧಕ ಹೋಯಿತು, ಹಳೇ ರಬ್ಬರ್ ಎಲ್ಲಾ ಒಣಗಿತು. ಹೊಸ ಕಿಟ್‌ನಲ್ಲಿ ವೈಟಾನ್ ಅನ್ನುವ ಬೇರೆ ಥರದ ರಬ್ಬರಿನ ಸೀಲ್ ಇದೆಯಾ ನೋಡಿ ತಗೊಳ್ಳಿ.

ಕಪ್ಪುಹೊಗೆ:
ರಬ್ಬರನ್ನು ಕಾಪಾಡಿದ್ದು ಗಂಧಕ ಅಲ್ಲ ಸರ್. ಗಂಧಕ ತೆಗೆಯುವಾಗ ಡೀಸೆಲ್‌ನಲ್ಲಿರುವ ಆರೊಮ್ಯಾಟಿಕ್ ಅಂಶವೂ ಕಡಿಮೆ ಆಗುತ್ತದೆ. ಹಳೇ ನೈಟ್ರೈಲ್ ರಬ್ಬರ್ ಅದನ್ನೇ ಕುಡಿದು ಉಬ್ಬಿಕೊಂಡಿರುತ್ತಿತ್ತು. ಅದು ತಪ್ಪಿದ ಮೇಲೆ ಕುಗ್ಗುತ್ತದೆ, ಲೀಕ್ ಶುರುವಾಗುತ್ತದೆ.

ಪಂಪ್_ಬೆಂಚು:
ಎರಡೂ ಒಂದೇ ಆಯಿತಲ್ಲ. ಸೀಲ್ ಹೋಯಿತು ಅನ್ನುವುದು ಮುಖ್ಯ.

ಕಪ್ಪುಹೊಗೆ:
ಒಂದೇ ಅಲ್ಲ. ಗಂಧಕ ಇಲ್ಲ ಅಂತ ಜನ ಡೀಸೆಲ್‌ಗೆ ಏನೇನೋ ಎಣ್ಣೆ ಸುರಿಯುತ್ತಾರೆ. ಕುಗ್ಗಿ ಗಟ್ಟಿಯಾದ ಓ-ರಿಂಗ್ (ರಬ್ಬರ್ ಉಂಗುರದ ಸೀಲ್) ಅದರಿಂದ ಹೊಸದಾಗುವುದಿಲ್ಲ.

ಹದಿನಾರರ_ಸ್ಪ್ಯಾನರ್:
ಇಬ್ಬರೂ ಆಮೇಲೆ ಮಾತಾಡಿಕೊಳ್ಳಿ, ಮೊದಲು ಗಾಡಿ ಕಡೆ ಬನ್ನಿ.

ಗೇರು ಅವರೇ, ಡೀಸೆಲ್ ಯಾವಾಗಲೂ ಕೆಳಗೇ ತೊಟ್ಟಿಕ್ಕುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು, ಅದನ್ನು ಹುಡುಕಬೇಕು. ಇಂಜಿನ್ ತಣ್ಣಗಿರುವಾಗ ಪಂಪ್ ಪೂರ್ತಿ ಒರೆಸಿ, ಬ್ರೇಕ್ ಕ್ಲೀನರ್ ಹೊಡೆದು ಒಣಗಿಸಿ. ಮೈಮೇಲೆಲ್ಲ ಟಾಲ್ಕಂ ಪೌಡರ್ ಉದುರಿಸಿ. ಆಮೇಲೆ ಸ್ಟಾರ್ಟ್ ಮಾಡಿ ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿ ಎಲ್ಲಿ ಮೊದಲು ಕಪ್ಪಾಗುತ್ತದೋ ಅಲ್ಲೇ ಲೀಕ್. ನಾಝಲ್ ಪೈಪ್ ಹತ್ತಿರ ಮಾತ್ರ ಕೈ ಹಾಕಿ ತಡಕಬೇಡಿ. ಅಲ್ಲಿಯ ಪ್ರೆಶರ್‌ಗೆ ಡೀಸೆಲ್ ಚರ್ಮದೊಳಕ್ಕೇ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಪಂಪ್ ಯಾವುದು ಅಂತ ತಿಳಿಯುವುದು ಸುಲಭ. ನಾಝಲ್ ಪೈಪ್ ಎಲ್ಲಾ ಪಂಪ್ ಹಿಂಭಾಗದಲ್ಲಿ ವೃತ್ತವಾಗಿ ಹೊರಟರೆ ರೋಟರಿ, ಅಂದರೆ ಬಾಷ್ ಕಂಪನಿಯ ವಿಇ ಥರದ್ದು. ಪಂಪ್ ಮೇಲೆ ಒಂದೇ ಸಾಲಿನಲ್ಲಿ ನಿಂತಿದ್ದರೆ ಇನ್‌ಲೈನ್.

ಕಪ್ಪುಹೊಗೆ:
ನಾನು ಗಾಡಿಗೆ ಎಲೆಕ್ಟ್ರಿಕ್ ಫೀಡ್ ಪಂಪ್, ವಾಟರ್ ಸೆಪರೇಟರ್, ಫಿಲ್ಟರ್ ಮುಂದೆ ಪಾರದರ್ಶಕ ಪೈಪ್ ಎಲ್ಲಾ ಹಾಕಿದ್ದೇನೆ. ಡ್ಯಾಶ್‌ಬೋರ್ಡ್‌ನಲ್ಲಿ ಫ್ಯೂಯಲ್ ಪ್ರೆಶರ್ ಗೇಜ್ ಕೂಡ ಇದೆ. ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್.

ಹದಿನಾರರ_ಸ್ಪ್ಯಾನರ್:
ಗೇಜ್ ಚೆನ್ನಾಗಿದೆ ಸರ್, ಆದರೆ ಇಲ್ಲಿಗೆ ಬೇಕಾಗಿರುವುದು ಆ ಪಾರದರ್ಶಕ ಪೈಪ್. ಹೆಚ್ಚಾದ ಡೀಸೆಲ್ ಟ್ಯಾಂಕ್‌ಗೆ ವಾಪಸ್ ಹೋಗುವ ರಿಟರ್ನ್ ಲೈನ್‌ನಲ್ಲಿ ಒಂದು ಗೇಣು ಹಾಕಿದರೆ ಗಾಳಿ ಗುಳ್ಳೆ ಬರುವುದು ಕಣ್ಣಿಗೆ ಕಾಣುತ್ತದೆ.

ಎರಡನೇ_ಗೇರು:
ಪೌಡರ್ ಹಾಕಿ ನೋಡಿದೆ. ಪೈಪ್ ವೃತ್ತವಾಗಿಯೇ ಇದೆ, ಹಾಗಾದರೆ ರೋಟರಿ. ಮುಂದಿನ ಭಾಗ ಪೂರ್ತಿ ಒಣಗಿದೆ. ಆಯಿಲ್ ಏರಿಲ್ಲ, ಡೀಸೆಲ್ ವಾಸನೆಯೂ ಇಲ್ಲ. ಮೇಲೆ ಆಕ್ಸಿಲರೇಟರ್ ಕೇಬಲ್ ಎಳೆಯುವ ಲಿವರ್ ಇದೆಯಲ್ಲ, ಅದರ ಬುಡದಲ್ಲಿ ಪುಡಿ ಕೆಸರಾಯಿತು. ರೇಸ್ ಕೊಟ್ಟರೆ ಅಲ್ಲಿ ಉಂಗುರದ ಹಾಗೆ ಡೀಸೆಲ್ ಜಿನುಗುತ್ತದೆ. ಲಿವರನ್ನು ಪಕ್ಕಕ್ಕೆ ಅಲ್ಲಾಡಿಸಿದರೆ ಇನ್ನೂ ಜಾಸ್ತಿ. ಅಲ್ಲಿಂದ ಪಂಪ್ ಮೈಮೇಲೆ ಹರಿದು ಕೆಳಗೆ ಬರುತ್ತಿದೆ. ಹಾಂ, ಮೊನ್ನೆ ಕೇಬಲ್ ಬದಲಾಯಿಸಿದ್ದರು, ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ಹದಿನಾರರ_ಸ್ಪ್ಯಾನರ್:
ಇದನ್ನು ಮೊದಲೇ ಹೇಳಬೇಕಿತ್ತು ಮಾರಾಯ್ರೆ! ಥ್ರಾಟಲ್ ಶಾಫ್ಟ್, ಅಂದರೆ ಆ ಲಿವರ್ ಕೂರುವ ಶಾಫ್ಟ್, ಅದರ ಓ-ರಿಂಗ್ ಅದು. ಕೇಬಲ್ ಜಾಸ್ತಿ ಬಿಗಿಯಾಗಿದ್ದರೆ ಅಥವಾ ಓರೆಯಾಗಿ ಎಳೆಯುತ್ತಿದ್ದರೆ ಶಾಫ್ಟ್ ಒಂದೇ ಪಕ್ಕಕ್ಕೆ ಒತ್ತುತ್ತದೆ. ಓ-ರಿಂಗ್ ಮೊದಲೇ ಗಟ್ಟಿಯಾಗಿದ್ದರೆ ಅಷ್ಟೇ ಸಾಕು.

ಬೆಳಿಗ್ಗೆಯ ತೊಂದರೆಗೂ ಕಾರಣ ಇದೇ ಇರಬಹುದು. ಈ ಪಂಪ್ ಹೊಟ್ಟೆಯಲ್ಲಿ ಯಾವಾಗಲೂ ಡೀಸೆಲ್ ತುಂಬಿರುತ್ತದೆ. ಇಂಜಿನ್ ಓಡುವಾಗ ಒಳಗಿನ ವೇನ್ ಪಂಪ್ ಪ್ರೆಶರ್ ಕೊಡುತ್ತದೆ, ರೇಸ್ ಏರಿದಷ್ಟು ಅದೂ ಏರುತ್ತದೆ. ಆಗ ಡೀಸೆಲ್ ಹೊರಗೆ. ಹೊರಗೆ ನಿಂತದ್ದು ರಾತ್ರಿಯೆಲ್ಲ ನಿಮ್ಮ ತಟ್ಟೆಗೆ ಇಳಿಯುತ್ತದೆ. ಇಂಜಿನ್ ನಿಂತ ಮೇಲೆ ಅದೇ ಸಂದಿಯಿಂದ ಗಾಳಿ ಒಳಗೆ ಹೋಗಿ, ಡೀಸೆಲ್ ಟ್ಯಾಂಕ್ ಕಡೆಗೆ ಜಾರುತ್ತದೆ.

ಪಂಪ್_ಬೆಂಚು:
ಮೇಲೆ ಲೀಕ್ ಇರಬಹುದು. ಆದರೂ ಇಳಿಸಿ ಪೂರ್ತಿ ಕಿಟ್ ಹಾಕಿಸುವುದೇ ಒಳ್ಳೆಯದು. ಒಂದು ಸೀಲ್ ಹೋದ ಮೇಲೆ ಉಳಿದವೂ ಹಿಂದೆಯೇ ಬರುತ್ತವೆ. ಥ್ರಾಟಲ್ ಶಾಫ್ಟ್ ತಿರುಗುವ ಬುಷ್ ಸವೆದಿದ್ದರಂತೂ ಹೊಸ ಓ-ರಿಂಗ್ ಬಾಳುವುದಿಲ್ಲ.

ಹದಿನಾರರ_ಸ್ಪ್ಯಾನರ್:
ಬುಷ್ ಮಾತು ನಿಜ, ಒಪ್ಪುತ್ತೇನೆ. ಆದರೆ ಮುಂದಿನ ಭಾಗ ಒಣಗಿದೆ, ಆಯಿಲ್ ಸರಿಯಾಗಿದೆ. ಪಂಪ್ ಇಳಿಸಿ ಸುಮ್ನೆ ಟೈಮಿಂಗ್ (ಡೀಸೆಲ್ ಹೊಡೆಯುವ ಸಮಯ) ಯಾಕೆ ಕದಲಿಸಬೇಕು? ಈ ಓ-ರಿಂಗ್ ಬದಲಾಯಿಸಲು ಪಂಪ್ ಇಳಿಸಬೇಕಾಗಿಲ್ಲ.

ಗೇರು ಅವರೇ, ಲಿವರ್ ಕೂರುವ ಶಾಫ್ಟ್‌ಗೆ ಸಣ್ಣ ಹಲ್ಲುಗಳಿವೆ. ಬಿಚ್ಚುವ ಮುಂಚೆ ಲಿವರ್ ಮತ್ತು ಶಾಫ್ಟ್ ಎರಡರ ಮೇಲೂ ಸೇರುವ ಹಾಗೆ ಒಂದು ಗೆರೆ ಎಳೆಯಿರಿ. ಒಂದು ಹಲ್ಲು ಆಚೆ ಕೂತರೂ ಐಡ್ಲಿಂಗ್ ಕೆಡುತ್ತದೆ, ಸ್ಟಾರ್ಟ್ ಆದ ಕೂಡಲೇ ರೇಸ್ ಏರಿ ನಿಲ್ಲದೇ ಹೋಗಬಹುದು. ಮೇಲಿನ ಕವರ್ ಎತ್ತುವಾಗ ನಿಧಾನ. ಶಾಫ್ಟ್ ಕೆಳತುದಿಗೆ, ಇಂಜಿನ್ ವೇಗ ಹಿಡಿತದಲ್ಲಿಡುವ ಗವರ್ನರ್ ಸ್ಪ್ರಿಂಗ್ ಸಿಕ್ಕಿಸಿರುತ್ತದೆ. ಜಗ್ಗಿದರೆ ಸ್ಪ್ರಿಂಗ್ ಹೋಯಿತು, ಒಳಗೆ ಏನಾದರೂ ಬಿದ್ದರೆ ಆಗ ಪಂಪ್ ಇಳಿಸಲೇಬೇಕು. ಒಳಗೆ ಒಂದು ಕಣ ಮಣ್ಣೂ ಹೋಗಬಾರದು.

ಇನ್ನೊಂದು ಮಾತು. ರಿಟರ್ನ್ ಪೈಪ್ ಹಿಡಿದಿಡುವ ಒಳಗೆ ಟೊಳ್ಳಾದ ಬೋಲ್ಟ್ (ಬ್ಯಾಂಜೋ ಬೋಲ್ಟ್) ತಲೆಯ ಮೇಲೆ ಇಂಗ್ಲಿಷ್‌ನಲ್ಲಿ ‘ಔಟ್’ ಅಂತ ಬರೆದಿರುತ್ತದೆ. ಅದರೊಳಗೆ ತುಂಬಾ ಸಣ್ಣ ತೂತಿದೆ, ಪಂಪಿನ ಒಳ ಪ್ರೆಶರ್ ಇಳಿಯದೇ ಉಳಿಯುವುದೇ ಅದರಿಂದ. ಇನ್‌ಲೆಟ್ ಬೋಲ್ಟ್ ಜೊತೆ ಅದಲು ಬದಲು ಮಾಡಬೇಡಿ. ಬಿಚ್ಚಿದ ಕಡೆಗೆಲ್ಲ ಹೊಸ ಕಾಪರ್ ವಾಷರ್ ಹಾಕಿ.

ಎರಡನೇ_ಗೇರು:
ಮೆಕ್ಯಾನಿಕ್‌ಗೆ ತೋರಿಸಿದೆ. ಕವರ್ ತೆಗೆದು ಮಾಡೋಣ ಅಂದರು. ಕೇಬಲ್ ಸಡಿಲ ಬಿಟ್ಟಿದ್ದೇನೆ, ಅಷ್ಟಕ್ಕೇ ಜಿನುಗುವುದು ಸ್ವಲ್ಪ ಕಡಿಮೆ ಆಗಿದೆ. ಓ-ರಿಂಗ್ ಬಂದ ಮೇಲೆ ಹೇಳುತ್ತೇನೆ.

ಮಣ್ಣುದಾರಿ:
ನನಗೂ ಇದೇ ಪ್ರಾಬ್ಲಂ. ಆದರೆ ನನ್ನದು ಇನ್‌ಲೈನ್ ಪಂಪ್, ಹೊರಗೆ ಎಲ್ಲೂ ಒದ್ದೆ ಇಲ್ಲ. ಡೀಸೆಲ್ ಮಾತ್ರ ಕಡಿಮೆ ಆಗುತ್ತದೆ. ಆಯಿಲ್ ಮಟ್ಟ ಗೆರೆ ದಾಟಿದೆ. ನಾನೂ ಈ ಓ-ರಿಂಗ್ ಹಾಕಲಾ?

ಪಂಪ್_ಬೆಂಚು:
ಅದು ಬೇರೆ ಕಾಯಿಲೆ. ಪಂಪ್ ಪಕ್ಕದಲ್ಲಿ ಟ್ಯಾಂಕ್‌ನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಇರುತ್ತದೆ, ಅದರ ಕಡ್ಡಿ ಸವೆದು ಡೀಸೆಲ್ ಒಳಗಿಂದಲೇ ಆಯಿಲ್‌ಗೆ ಇಳಿಯುತ್ತಿರಬಹುದು. ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಡಿಪ್‌ಸ್ಟಿಕ್ ಫೋಟೋ ಹಾಕಿ, ಪಂಪ್ ಮೇಲಿನ ನಂಬರ್ ಪ್ಲೇಟ್ ಫೋಟೋನೂ ಹಾಕಿ, ನೋಡೋಣ.