ರೂಮಿನಲ್ಲೇ ಸಂಕ್ರಾಂತಿ: ಎಳ್ಳು-ಬೆಲ್ಲ, ಸಿಹಿ ಪೊಂಗಲ್‌ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಮೂವರು ಮೈಸೂರಿನಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇವೆ. ಹಬ್ಬದ ಮರುದಿನವೇ ಪರೀಕ್ಷೆ, ಊರಿಗೆ ಹೋಗುವ ಹಾಗಿಲ್ಲ. ಆದರೂ ಸಂಕ್ರಾಂತಿಯನ್ನು ಸುಮ್ನೆ ಬಿಡಲು ಮನಸ್ಸಿಲ್ಲ. ಇರುವುದು ಒಂದು ಇಂಡಕ್ಷನ್ ಒಲೆ, 3 ಲೀಟರ್ ಕುಕ್ಕರ್, ಒಂದು ಬಾಣಲೆ.

ಕಳೆದ ಭಾನುವಾರ ಸಿಹಿ ಪೊಂಗಲ್ ಮಾಡಿ ನೋಡಿದೆವು. ಒಂದು ಲೋಟ ಅಕ್ಕಿ, ಅರ್ಧ ಲೋಟ ಹುರಿದ ಹೆಸರುಬೇಳೆ. ಬೆಲ್ಲವನ್ನೂ ಜೊತೆಗೇ ಹಾಕಿ ಕೂಗಿಸಿದೆವು. ಅಕ್ಕಿ ಸರಿಯಾಗಿ ಬೇಯಲೇ ಇಲ್ಲ, ತಳವೂ ಹಿಡಿಯಿತು. ಬೆಲ್ಲ ಬಿದ್ದ ಮೇಲೆ ಅಕ್ಕಿ ಮೆತ್ತಗಾಗುವುದಿಲ್ಲ, ಬೇರೆ ಕರಗಿಸಿ ಸೋಸಿ ಆಮೇಲೆ ಹಾಕಬೇಕು ಅಂತ ಅಮ್ಮ ಫೋನಿನಲ್ಲಿ ಹೇಳಿದರು. ಸರಿ, ಆದರೆ ನೀರು ಎಷ್ಟು? ನಾಲ್ಕು ಲೋಟ ಸಾಕಾ, ಆರು ಬೇಕಾ? ಅಮ್ಮನದು ಎಲ್ಲಾ ಕಣ್ಣಂದಾಜು. ಹಾಲು ಹಾಕಿದರೆ ಬೆಲ್ಲಕ್ಕೆ ಒಡೆಯುತ್ತದಾ?

ಎಳ್ಳು-ಬೆಲ್ಲದ್ದು ಇನ್ನೊಂದು ಚಿಂತೆ. ಬಿಳಿ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ ತಂದಾಗಿದೆ. ಮನೆಯಲ್ಲಿ ಕೊಬ್ಬರಿ, ಬೆಲ್ಲ ಎರಡನ್ನೂ ಸಣ್ಣಗೆ ಹೆಚ್ಚಿ ಬಿಸಿಲಿಗೆ ಹರಡುತ್ತಿದ್ದರು. ನಮ್ಮ ರೂಮಿಗೆ ಬಿಸಿಲೇ ಬರುವುದಿಲ್ಲ. ಒಣಗಿಸದಿದ್ದರೆ ಬೆಲ್ಲ ಅಂಟಿಕೊಳ್ಳುತ್ತದೆ ಅಲ್ವಾ? ಫ್ಯಾನಿನ ಕೆಳಗಿಟ್ಟರೆ ಆಗುತ್ತದಾ? ಅಂಗಡಿಯ ಪೊಟ್ಟಣ ಬೇಡ. ಪಕ್ಕದ ಮನೆಯ ಅಜ್ಜಿಗೆ ನಾವೇ ಮಾಡಿದ್ದನ್ನು ಕೊಡಬೇಕು. ನನಗೆ ಜ್ವರ ಬಂದಾಗ ಮೂರು ದಿನ ಗಂಜಿ ಕಳಿಸಿದವರು ಅವರು.

ಇನ್ನೊಂದು ಮಾತು. ದೇವರಾಜ ಮಾರುಕಟ್ಟೆಯಲ್ಲಿ ಸೊಗಡಿನ ಅವರೆಕಾಯಿ ಜಾಸ್ತಿ ಬಂದಿದೆ. ತೆಂಗಿನಕಾಯಿ ರುಬ್ಬಲು ಮಿಕ್ಸಿ ಇಲ್ಲ. ರುಬ್ಬದೆ ಕುಕ್ಕರಿನಲ್ಲೇ ಆಗುವ ಅವರೆಕಾಳಿನ ಅಡುಗೆ ಗೊತ್ತಿದ್ದವರು ಅಳತೆ ಸಮೇತ ತಿಳಿಸಿ, ದಯವಿಟ್ಟು. ಹಬ್ಬಕ್ಕೆ ಇನ್ನು ಐದೇ ದಿನ ಇದೆ.